ಹಾಜರಿ ಪುಸ್ತಕದಲ್ಲಿ ಇಲ್ಲದ ಮಗುವನ್ನೂ ಎಣಿಸುವ ಸಂಶೋಧನೆ

ಪ್ರಶ್ನೆ: ನಮ್ಮದು ದೇವದುರ್ಗ ತಾಲ್ಲೂಕಿನ 40 ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕೆಲಸ ಮಾಡುವ ಸಣ್ಣ ಸಂಸ್ಥೆ. 3ರಿಂದ 5ನೇ ತರಗತಿಯ ಮಕ್ಕಳಲ್ಲಿ ಹಿಂದುಳಿದವರಿಗೆ ಓದು, ಲೆಕ್ಕ ಕಲಿಸುತ್ತೇವೆ. ವರ್ಷಕ್ಕೆ ಎರಡು ಸಲ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುತ್ತೇವೆ. ನೆರವು ಕೊಡುವವರು ಈಗ ‘ಸಂಶೋಧನೆಯ ಪುರಾವೆ’ ಕೇಳುತ್ತಿದ್ದಾರೆ. ಸಂಶೋಧನೆಯಿಂದ ಬಡ ಮಕ್ಕಳಿಗೆ ನಿಜಕ್ಕೂ ಏನಾದರೂ ಸಿಕ್ಕಿದೆಯೇ? ಸಿಗಬೇಕಾದರೆ ನಮ್ಮಂಥವರು ಅದನ್ನು ಹೇಗೆ ನಡೆಸಬೇಕು?

ಉತ್ತರ: ಸಿಕ್ಕಿದೆ. ಆದರೆ ಎಲ್ಲ ಸಂಶೋಧನೆಯಿಂದಲೂ ಅಲ್ಲ. ಯಾವ ದಾಖಲೆಯಲ್ಲೂ ಹೆಸರಿಲ್ಲದವರ ಮನೆ ಬಾಗಿಲಿಗೆ ಹೋಗಿ ಎಣಿಸಿದ ಅಧ್ಯಯನಗಳೇ ಹೆಚ್ಚು ಫಲ ಕೊಟ್ಟಿವೆ. ನಿಮ್ಮ ಅಧ್ಯಯನವೂ ನಿಲ್ಲುವುದು ಬೀಳುವುದು ಇದೇ ಜಾಗದಲ್ಲಿ. ಹಾಗಾಗಿ ಮೊದಲು ಅಂಥ ಕೆಲವು ಕೆಲಸಗಳನ್ನು ನೋಡೋಣ.

ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರ ‘ಸರ್ಚ್’ ಸಂಸ್ಥೆ 1990ರ ದಶಕದಲ್ಲಿ ನವಜಾತ ಶಿಶುಗಳ ಸಾವನ್ನು ಅಧ್ಯಯನ ಮಾಡಿತು. ಅಲ್ಲಿ ಹೆಚ್ಚಿನ ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ಮೊದಲ ತಿಂಗಳಲ್ಲೇ ತೀರಿಕೊಂಡ ಕೂಸಿನ ಹೆಸರು ಆಸ್ಪತ್ರೆಯ ರಿಜಿಸ್ಟರಿಗೆ ಬರುವ ದಾರಿಯೇ ಇರಲಿಲ್ಲ. ಆದ್ದರಿಂದ ಜನನ, ಮರಣ ಎರಡನ್ನೂ ಮನೆಮನೆಗೆ ಹೋಗಿ ಬರೆದುಕೊಂಡರು. 39 ಹಳ್ಳಿಗಳಲ್ಲಿ ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟರು. ಕೂಸನ್ನು ತೂಗುವುದು, ಬೆಚ್ಚಗಿಡುವುದು, ಸೋಂಕಿನ ಲಕ್ಷಣ ಗುರುತಿಸಿ ಜೆಂಟಾಮೈಸಿನ್ ಚುಚ್ಚುಮದ್ದು ಕೊಡುವುದು, ಇಷ್ಟನ್ನೂ ಅವರು ಕಲಿತರು. 47 ಹಳ್ಳಿಗಳನ್ನು ಹೋಲಿಕೆಗೆ ಇಟ್ಟುಕೊಂಡರು. ಮೂರನೇ ವರ್ಷದ ಹೊತ್ತಿಗೆ ನವಜಾತ ಶಿಶು ಮರಣ ಹೋಲಿಕೆಯ ಹಳ್ಳಿಗಳಿಗಿಂತ ಸುಮಾರು 62% ಇಳಿದಿತ್ತು. 1999ರಲ್ಲಿ ಇದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮನೆಯಲ್ಲೇ ನವಜಾತ ಶಿಶುವಿನ ಆರೈಕೆಯನ್ನು 2011ರಿಂದ ಆಶಾ ಕಾರ್ಯಕರ್ತೆಯರ ಕೆಲಸಕ್ಕೆ ಸೇರಿಸಲಾಯಿತು. ಇಂದು ನಿಮ್ಮೂರಿನ ಆಶಾ ಹೆರಿಗೆಯಾದ ಮನೆಗೆ 3, 7, 14, 21, 28, 42ನೇ ದಿನ ಬರುವುದರ ಹಿಂದೆ ಈ ಎಣಿಕೆ ಇದೆ.

ಕೀನ್ಯಾದ ಬುಸಿಯಾ ಪ್ರದೇಶದ 75 ಪ್ರಾಥಮಿಕ ಶಾಲೆಗಳಲ್ಲಿ 1998ರಿಂದ ನಡೆದ ಜಂತುಹುಳು ಮಾತ್ರೆಯ ಪ್ರಯೋಗ ನಿಮಗೆ ಇನ್ನೂ ಹತ್ತಿರದ್ದು. ಅರ್ಥಶಾಸ್ತ್ರಜ್ಞರಾದ ಎಡ್ವರ್ಡ್ ಮಿಗೆಲ್ ಮತ್ತು ಮೈಕೆಲ್ ಕ್ರೆಮರ್ ಶಾಲೆಗಳನ್ನು 25ರಂತೆ ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ 1998ರಲ್ಲಿ, ಎರಡನೆಯದಕ್ಕೆ 1999ರಲ್ಲಿ, ಕೊನೆಯದಕ್ಕೆ 2001ರಲ್ಲಿ ಮಾತ್ರೆ ಸಿಕ್ಕಿತು. ಹಾಜರಿಗೆ ಶಾಲೆಯ ಪುಸ್ತಕವನ್ನು ನಂಬಲಿಲ್ಲ. ಹೇಳದೆ ಕೇಳದೆ ಶಾಲೆಗೆ ಹೋಗಿ ತಲೆ ಎಣಿಸಿದರು. ಗೈರುಹಾಜರಿ ಸುಮಾರು ಕಾಲು ಭಾಗ ಕಡಿಮೆಯಾಗಿತ್ತು, ಆದರೆ ಪರೀಕ್ಷೆಯ ಅಂಕ ಏರಿರಲಿಲ್ಲ. ಅದೇ ಶಾಲೆಯಲ್ಲಿ ಮಾತ್ರೆ ನುಂಗದ ಮಕ್ಕಳಿಗೂ ಲಾಭವಾಗಿತ್ತು, ಏಕೆಂದರೆ ಸುತ್ತಲಿನ ಮಣ್ಣಿನಲ್ಲಿ ಹುಳುವಿನ ಮೊಟ್ಟೆಗಳೇ ಕಡಿಮೆಯಾಗಿದ್ದವು. ಒಂದೇ ತರಗತಿಯ ಅರ್ಧ ಮಕ್ಕಳಿಗೆ ಮಾತ್ರೆ ಕೊಟ್ಟು, ಉಳಿದರ್ಧದ ಜತೆ ಹೋಲಿಸಿದ್ದರೆ ಈ ಲಾಭ ಲೆಕ್ಕದಿಂದಲೇ ತಪ್ಪಿಹೋಗುತ್ತಿತ್ತು. 2015ರಲ್ಲಿ ಬೇರೆ ಸಂಶೋಧಕರು ಇದೇ ಅಂಕಿಅಂಶವನ್ನು ಮತ್ತೆ ಲೆಕ್ಕ ಹಾಕಿದಾಗ, ಲಾಭ ದೂರದ ಶಾಲೆಗಳಿಗೂ ಹರಡಿತ್ತು ಎಂಬ ಭಾಗದಲ್ಲಿ ತಪ್ಪುಗಳು ಸಿಕ್ಕವು. ಮೂಲ ಸಂಶೋಧಕರು ತಮ್ಮ ಕಡತಗಳನ್ನು ಬಿಚ್ಚಿ ಕೊಟ್ಟಿದ್ದರಿಂದಲೇ ಇದು ಸಾಧ್ಯವಾಯಿತು. ಇಂಥ ನಡವಳಿಕೆಯನ್ನು ನಾವು ಮೆಚ್ಚುತ್ತೇವೆ.

ಇನ್ನು ರಾಜಸ್ಥಾನದ ಉದಯಪುರದ ಲಸಿಕೆ ಪ್ರಯೋಗ. 134 ಹಳ್ಳಿಗಳಲ್ಲಿ 1ರಿಂದ 3 ವರ್ಷದ ಮಕ್ಕಳು. ಏನೂ ಹೊಸದು ಮಾಡದ ಹಳ್ಳಿಗಳಲ್ಲಿ ಎಲ್ಲ ಲಸಿಕೆ ಪೂರ್ಣಗೊಂಡವರು 6%. ತಿಂಗಳಿಗೊಮ್ಮೆ ತಪ್ಪದೆ ಶಿಬಿರ ನಡೆದಲ್ಲಿ 18%. ಶಿಬಿರದ ಜತೆ ಪ್ರತಿ ಲಸಿಕೆಗೆ 1 ಕಿಲೋ ಬೇಳೆ, ಎಲ್ಲ ಮುಗಿದಾಗ ಊಟದ ತಟ್ಟೆಗಳನ್ನು ಕೊಟ್ಟಲ್ಲಿ 39%. ಬೇಳೆಗೆ ದುಡ್ಡು ಹೋದರೂ ಪೂರ್ಣ ಲಸಿಕೆ ಪಡೆದ ಒಂದು ಮಗುವಿಗೆ ತಗುಲಿದ ಖರ್ಚು ಬೇಳೆ ಕೊಟ್ಟಲ್ಲೇ ಕಡಿಮೆ. ನರ್ಸಿನ ಸಂಬಳ, ಗಾಡಿ ಬಾಡಿಗೆ ಹತ್ತು ಮಕ್ಕಳು ಬಂದರೂ ಅಷ್ಟೇ, ಮೂವತ್ತು ಬಂದರೂ ಅಷ್ಟೇ. ಬಡವರಿಗೆ ಲಸಿಕೆಯ ಮೇಲೆ ನಂಬಿಕೆಯಿಲ್ಲ ಎಂಬ ಮಾತು ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೆ! ನರ್ಸು ಇರುತ್ತಾರೋ ಇಲ್ಲವೋ ಎಂಬುದು ಖಚಿತವಿಲ್ಲದ ಕೇಂದ್ರಕ್ಕೆ ಒಂದು ದಿನದ ಕೂಲಿ ಬಿಟ್ಟು ನಡೆಯಬೇಕು ಎಂಬುದೇ ಅಲ್ಲಿನ ದೊಡ್ಡ ಅಡ್ಡಿಯಾಗಿತ್ತು.

ಈಗ ನಿಮ್ಮ 40 ಶಾಲೆಗೆ ಬರೋಣ. ‘ನಮ್ಮ ಕಲಿಕಾ ಕಾರ್ಯಕ್ರಮ ಕೆಲಸ ಮಾಡುತ್ತದೆಯೇ’ ಎಂಬ ಪ್ರಶ್ನೆಯನ್ನು ಇಟ್ಟುಕೊಳ್ಳಬೇಡಿ ಎಂದು ನಮ್ಮ ಸಲಹೆ. ಅದಕ್ಕೆ ಬಹುಮಟ್ಟಿಗೆ ಉತ್ತರ ಸಿಕ್ಕಾಗಿದೆ. ಮುಂಬಯಿ ಮತ್ತು ವಡೋದರದಲ್ಲಿ ‘ಪ್ರಥಮ್’ ಸಂಸ್ಥೆಯ ಬಾಲಸಖಿ ಕಾರ್ಯಕ್ರಮದಲ್ಲಿ 3 ಮತ್ತು 4ನೇ ತರಗತಿಯ ಹಿಂದುಳಿದ 15–20 ಮಕ್ಕಳನ್ನು ದಿನಕ್ಕೆ ಎರಡು ತಾಸು ಬೇರೆ ಕೂರಿಸಿ, ಊರಿನ ಯುವತಿಯೇ ಮೂಲ ಪಾಠ ಹೇಳಿಕೊಟ್ಟಳು. ಅಂಕಗಳು ಮೊದಲ ವರ್ಷ 0.14, ಎರಡನೇ ವರ್ಷ 0.28 ಮಾನಕ ವಿಚಲನೆಯಷ್ಟು ಏರಿದವು. ಮಕ್ಕಳ ಅಂಕಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಚದುರಿರುತ್ತವೆ ಎಂಬುದರ ಅಳತೆಯೇ ಮಾನಕ ವಿಚಲನೆ. ಬೇರೆ ಬೇರೆ ಪರೀಕ್ಷೆಗಳನ್ನು ಒಂದೇ ಗಜದಲ್ಲಿ ಅಳೆಯಲು ಇದನ್ನು ಬಳಸುತ್ತಾರೆ. ಆ ಲಾಭದ ಹೆಚ್ಚಿನ ಪಾಲು ತೀರ ಕೆಳಗಿದ್ದ ಮಕ್ಕಳಿಗೇ ಹೋಯಿತು. ಮುಂದೆ ಬೇರೆ ರಾಜ್ಯಗಳಿಗೆ ಇದನ್ನು ವಿಸ್ತರಿಸಿದಾಗ, ಪುಸ್ತಕ ಮತ್ತು ತರಬೇತಿ ಕೊಟ್ಟು ಶಿಕ್ಷಕರ ಪಾಡಿಗೆ ಬಿಟ್ಟ ಉತ್ತರಾಖಂಡದಲ್ಲಿ ಫಲ ಕಾಣಲಿಲ್ಲ. ಹರಿಯಾಣದಲ್ಲಿ ದಿನದ ಒಂದು ಗಂಟೆಯನ್ನು ಇದಕ್ಕೆಂದೇ ಮೀಸಲಿಟ್ಟು, ತರಗತಿ ಮರೆತು ಕಲಿಕೆಯ ಮಟ್ಟದಂತೆ ಮಕ್ಕಳನ್ನು ಕೂರಿಸಿದಾಗ ಸರ್ಕಾರಿ ಶಿಕ್ಷಕರ ಕೈಯಲ್ಲೇ ಫಲ ಬಂತು. ಶಿಕ್ಷಕರು ಅವರೇ ಇರುತ್ತಾರೆ. ಆದರೆ ಪಠ್ಯ ಮುಗಿಸುವ ಒತ್ತಡ ಆ ಒಂದು ಗಂಟೆಯನ್ನು ನುಂಗಿದರೆ ಯಾವ ಪುಸ್ತಕವೂ ಉಳಿಯುವುದಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆ ಹೀಗಿರಲಿ: ಫಲ ಕೊಡುತ್ತದೆಂದು ಗೊತ್ತಿರುವ ಈ ಪಾಠ ನಮ್ಮ ತಾಲ್ಲೂಕಿನಲ್ಲಿ ಯಾವ ಮಕ್ಕಳನ್ನು ಮುಟ್ಟುತ್ತಿಲ್ಲ, ಅವರನ್ನು ಮುಟ್ಟಲು ಏನು ಸೇರಿಸಬೇಕು? ನಿಮ್ಮ ಕಡೆ ಉತ್ತರ ಅರ್ಧ ಗೊತ್ತಿರುವುದೇ. ಗುಳೆ ಹೋಗುವ ಮನೆಗಳ ಮಕ್ಕಳು, ತಾಂಡಾದ ಮಕ್ಕಳು, ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವ ಹೆಣ್ಣುಮಕ್ಕಳು. ಸೇರಿಸುವುದು ಏನು ಎಂಬುದನ್ನು ಒಂದೇ ಒಂದಕ್ಕೆ ಇಳಿಸಿ. ಊರಿಗೆ ಮರಳಿದ ಮಕ್ಕಳಿಗೆ 30 ದಿನದ ಶಿಬಿರ, ಅಥವಾ ತಾಂಡಾದಲ್ಲೇ ಸಂಜೆ ಒಂದು ತಾಸು. ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ಹೇಳಲಾಗದು.

ಹೋಲಿಕೆಗೆ ಶಾಲೆಗಳನ್ನು ಆರಿಸುವಾಗ ‘ಉತ್ಸಾಹಿ ಮುಖ್ಯೋಪಾಧ್ಯಾಯರಿರುವ’ ಶಾಲೆಗಳನ್ನು ಮೊದಲು ತೆಗೆದುಕೊಳ್ಳುವುದು ಎಲ್ಲೆಡೆ ಕಾಣುವ ತಪ್ಪು. ಆಮೇಲೆ ಕಾಣುವ ವ್ಯತ್ಯಾಸ ಕಾರ್ಯಕ್ರಮದ್ದೋ ಮುಖ್ಯೋಪಾಧ್ಯಾಯರದ್ದೋ ತಿಳಿಯುವುದಿಲ್ಲ. 40 ಶಾಲೆಗಳನ್ನು ಗಾತ್ರ ಮತ್ತು ತಾಂಡಾದ ಮಕ್ಕಳ ಸಂಖ್ಯೆ ನೋಡಿ 20 ಜೋಡಿ ಮಾಡಿ. ಪ್ರತಿ ಜೋಡಿಯಲ್ಲಿ ಚೀಟಿ ಎತ್ತಿ ಒಂದನ್ನು ಈ ವರ್ಷಕ್ಕೆ, ಇನ್ನೊಂದನ್ನು ಮುಂದಿನ ವರ್ಷಕ್ಕೆ ಹಾಕಿ. ಕ್ಷೇತ್ರ ಶಿಕ್ಷಣಾಧಿಕಾರಿಯವರ ಮುಂದೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರನ್ನು ಕರೆದು ಎಲ್ಲರೆದುರಿಗೇ ಎತ್ತಿದರೆ ‘ನಮ್ಮೂರನ್ನು ಬಿಟ್ಟಿರಿ’ ಎಂಬ ದೂರು ಬಹಳ ಮಟ್ಟಿಗೆ ತಪ್ಪುತ್ತದೆ. ಬುಸಿಯಾದಲ್ಲಿ ಮಾಡಿದಂತೆ ಯಾರಿಗೂ ಇಲ್ಲವೆನ್ನದೆ ಸರದಿ ಮಾತ್ರ ಹಿಂದುಮುಂದು ಮಾಡಿದಂತೆಯೂ ಆಗುತ್ತದೆ.

ಎಷ್ಟು ಮಕ್ಕಳು ಬೇಕು? ಇಲ್ಲಿ ಸಣ್ಣ ಸಂಸ್ಥೆಗಳು ಮೋಸ ಹೋಗುತ್ತವೆ. ಒಂದೇ ಶಾಲೆಯ ಮಕ್ಕಳು ಒಬ್ಬರನ್ನೊಬ್ಬರು ಹೋಲುತ್ತಾರೆ. ಶಿಕ್ಷಕರು ಅವರೇ, ಊರೂ ಅದೇ. ಕಲಿಕೆಯಲ್ಲಿ ಈ ಸಾಮ್ಯದ ಪ್ರಮಾಣವನ್ನು (ಸಾಮ್ಯವೇ ಇಲ್ಲದಿದ್ದರೆ 0, ಎಲ್ಲರೂ ಒಂದೇ ಥರ ಇದ್ದರೆ 1) 0.2 ಎಂದು ಇಟ್ಟುಕೊಳ್ಳಿ. ಶಾಲೆಗೆ 20ರಂತೆ 800 ಮಕ್ಕಳನ್ನು ಪರೀಕ್ಷಿಸಿದರೆ, 800 ಅನ್ನು (1 + 19 × 0.2), ಅಂದರೆ 4.8ರಿಂದ ಭಾಗಿಸಬೇಕು. ಕೈಗೆ ಸಿಗುವುದು ಸುಮಾರು 167 ಬಿಡಿ ಮಕ್ಕಳಷ್ಟು ಮಾಹಿತಿ. ಇಷ್ಟರಲ್ಲಿ ನೀವು ನಂಬಿಕೆಯಿಂದ ಹಿಡಿಯಬಲ್ಲ ಅತಿ ಚಿಕ್ಕ ಪರಿಣಾಮ ಸುಮಾರು 0.43 ಮಾನಕ ವಿಚಲನೆ. ಶಾಲೆಗೆ 40 ಮಕ್ಕಳಂತೆ ಶ್ರಮ ಇಮ್ಮಡಿ ಮಾಡಿದರೂ ಅದು 0.42ಕ್ಕೆ ಮಾತ್ರ ಇಳಿಯುತ್ತದೆ. ಅದೇ 800 ಮಕ್ಕಳನ್ನು 80 ಶಾಲೆಗಳಿಂದ 10ರಂತೆ ತೆಗೆದುಕೊಂಡರೆ 0.33ಕ್ಕೆ ಬರುತ್ತದೆ. ಲೆಕ್ಕಕ್ಕೆ ಶಕ್ತಿ ಬರುವುದು ಶಾಲೆಗಳ ಸಂಖ್ಯೆಯಿಂದ, ಶಾಲೆಯೊಳಗಿನ ಮಕ್ಕಳ ಸಂಖ್ಯೆಯಿಂದ ಅಲ್ಲ. 40ರ ಮೇಲೆ ಹೋಗಲಾಗದಿದ್ದರೆ ಇನ್ನೊಂದು ದಾರಿ ಇದೆ. ಅದೇ ಮಕ್ಕಳನ್ನು ಮೊದಲೂ ಕೊನೆಗೂ ಪರೀಕ್ಷಿಸಿ, ಮೊದಲ ಅಂಕವನ್ನು ಲೆಕ್ಕದಲ್ಲಿ ಸೇರಿಸಿ. ಮೊದಲ ಅಂಕ ಕೊನೆಯ ಅಂಕದ ಏರಿಳಿತದ ಅರ್ಧವನ್ನು ವಿವರಿಸುವಂತಿದ್ದರೆ 0.43 ಇದ್ದದ್ದು 0.3ರ ಹತ್ತಿರ ಬರುತ್ತದೆ. ಬಾಲಸಖಿಯ ಎರಡನೇ ವರ್ಷದ 0.28 ಆಗಲೂ ಅಂಚಿನಲ್ಲೇ ಉಳಿಯುತ್ತದೆ ಎಂಬುದನ್ನು ನೆರವು ಕೊಡುವವರಿಗೆ ಮೊದಲೇ ಹೇಳಿಬಿಡಿ. ಇದನ್ನು ಹೇಳದೆ ಶುರುಮಾಡಿ, ಕೊನೆಗೆ ‘ಪರಿಣಾಮ ಕಾಣಲಿಲ್ಲ’ ಎಂಬ ಒಂದು ಸಾಲಿನಿಂದ ಒಳ್ಳೆಯ ಕಾರ್ಯಕ್ರಮ ನಿಂತುಹೋದರೆ ನಷ್ಟ ಮಕ್ಕಳದ್ದು.

ಪರೀಕ್ಷೆಗೆ ಹೊಸ ಪ್ರಶ್ನೆಪತ್ರಿಕೆ ತಯಾರಿಸುವ ಅಗತ್ಯವಿಲ್ಲ. 2005ರಲ್ಲಿ ಶುರುವಾದ, ಮಕ್ಕಳ ಓದು ಮತ್ತು ಲೆಕ್ಕವನ್ನು ಮನೆಮನೆಗೆ ಹೋಗಿ ನೋಡುವ ‘ಅಸರ್’ ಸಮೀಕ್ಷೆಯ ಸಾಧನ ಕನ್ನಡದಲ್ಲೂ ಇದೆ. ಓದಿನಲ್ಲಿ ಅಕ್ಷರ, ಪದ, 1ನೇ ತರಗತಿ ಮಟ್ಟದ ವಾಕ್ಯಗಳು, 2ನೇ ತರಗತಿ ಮಟ್ಟದ ಕಥೆ. ಲೆಕ್ಕದಲ್ಲಿ ಅಂಕೆ ಗುರುತಿಸುವುದರಿಂದ ದಶಕ ತೆಗೆದುಕೊಂಡು ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದರವರೆಗೆ. ಒಬ್ಬ ಮಗುವಿಗೆ 10–12 ನಿಮಿಷ ಸಾಕು. ಇಬ್ಬರ ತಂಡ ದಿನಕ್ಕೊಂದು ಶಾಲೆ ಮುಗಿಸುತ್ತದೆ. ನಾಲ್ಕು ತಂಡವಿದ್ದರೆ 40 ಶಾಲೆಗೆ ಹತ್ತು ಕೆಲಸದ ದಿನ. ಮೊದಲ ಮತ್ತು ಕೊನೆಯ ಪರೀಕ್ಷೆಗೆ ಬೇರೆ ಬೇರೆ ಹಾಳೆ ಬಳಸಿ, ಇಲ್ಲವಾದರೆ ಕಥೆ ಬಾಯಿಪಾಠವಾಗಿರುತ್ತದೆ. ಪಾಠ ಹೇಳಿದವರು ಪರೀಕ್ಷೆ ಮಾಡಬಾರದು. ಅಪ್ರಾಮಾಣಿಕತೆ ಇಲ್ಲದೆಯೂ, ತಾವು ಕಲಿಸಿದ ಮಗು ತಡವರಿಸಿದಾಗ ಬಾಯಿಂದ ಮೊದಲಕ್ಷರ ಹೊರಟುಬಿಡುತ್ತದೆ. ತರಬೇತಿಯ ಕೊನೆಯ ದಿನ ಇಬ್ಬಿಬ್ಬರು ಕೂತು ಒಂದೇ 20 ಮಕ್ಕಳಿಗೆ ಬೇರೆ ಬೇರೆಯಾಗಿ ಮಟ್ಟ ಬರೆಯಲಿ. ಮೂರಕ್ಕಿಂತ ಹೆಚ್ಚು ಮಕ್ಕಳಲ್ಲಿ ಭಿನ್ನವಾದರೆ ಇನ್ನೊಂದು ದಿನ ತರಬೇತಿ. ಆಮೇಲೆ ಪ್ರತಿ ಹತ್ತರಲ್ಲಿ ಒಂದು ಮಗುವನ್ನು ಮೇಲ್ವಿಚಾರಕರು ಮತ್ತೆ ಪರೀಕ್ಷಿಸಲಿ. ಮನೆಯಲ್ಲಿ ಲಂಬಾಣಿ, ಉರ್ದು ಅಥವಾ ತೆಲುಗು ಆಡುವ ಮಗುವಿಗೆ ಲೆಕ್ಕದ ಸೂಚನೆಯನ್ನು ಆ ಮಾತಿನಲ್ಲೇ ಹೇಳಿ. ಇಲ್ಲದಿದ್ದರೆ ನೀವು ಅಳೆದದ್ದು ಗಣಿತವನ್ನಲ್ಲ, ಕನ್ನಡವನ್ನು.

ಮಕ್ಕಳ ಪಟ್ಟಿಯನ್ನು ಹಾಜರಿ ಪುಸ್ತಕದಿಂದ ಮಾತ್ರ ತೆಗೆಯಬೇಡಿ. ಅಸರ್‌ನವರು ಶಾಲೆಗೆ ಹೋಗುವುದು ಬಿಟ್ಟು ಮನೆಗೆ ಹೋಗುವುದು ಇದಕ್ಕೇ. ಊರನ್ನು ನಾಲ್ಕು ಭಾಗ ಮಾಡಿ, ಪ್ರತಿ ಭಾಗದಲ್ಲಿ ಐದನೇ ಮನೆಯಂತೆ ಐದು ಮನೆ, ಊರಿಗೆ 20 ಮನೆ. ಶಾಲೆ ಬಿಟ್ಟವರೂ, ಅಂದು ಗೈರಾದವರೂ ಆಗ ಸಿಗುತ್ತಾರೆ. ನೀವು ಅಂಗನವಾಡಿ ಕಾರ್ಯಕರ್ತೆ ಮತ್ತು ಆಶಾ ಅವರ ಮನೆಪಟ್ಟಿಯನ್ನು ಶಾಲೆಯ ಸ್ಯಾಟ್ಸ್ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಪಟ್ಟಿಯ ಜತೆ ಇಟ್ಟು ನೋಡಿ, ಎರಡರಲ್ಲಿ ಒಂದರಲ್ಲಿ ಮಾತ್ರ ಇರುವ ಹೆಸರುಗಳನ್ನೂ ಸೇರಿಸಿ ಮಕ್ಕಳನ್ನು ಆರಿಸಿ.

ಕೊನೆಯ ಪರೀಕ್ಷೆಯಲ್ಲಿ ಸಿಗದ ಮಕ್ಕಳೇ ನಿಮ್ಮ ಅಧ್ಯಯನದ ಅತಿ ದೊಡ್ಡ ಅಪಾಯ. ಫೆಬ್ರವರಿಯಲ್ಲಿ ಪರೀಕ್ಷೆ ಇಟ್ಟರೆ ಗುಳೆ ಹೋದವರು ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲೋ ಕಬ್ಬು ಕಡಿಯುವ ಕಡೆಯೋ ಇರುತ್ತಾರೆ. ಉದಾಹರಣೆಗೆ, ಕಾರ್ಯಕ್ರಮದ ಶಾಲೆಗಳ 400 ಮಕ್ಕಳಲ್ಲಿ 340 ಮಂದಿ ಸಿಕ್ಕು, ಅವರಲ್ಲಿ 220 ಮಂದಿ ವಾಕ್ಯ ಓದಿದರು ಎಂದಿಟ್ಟುಕೊಳ್ಳಿ. ವರದಿಯಲ್ಲಿ ಅದು 65% ಆಗುತ್ತದೆ. ಸಿಗದ 60 ಮಂದಿ ಯಾರೂ ಓದಲಾರರು ಎಂದು ಹಿಡಿದರೆ 55%. ಎರಡೂ ಸಂಖ್ಯೆಯನ್ನು ಬರೆಯಿರಿ. ಶೇಕಡಾ ಹತ್ತರ ಈ ಅಂತರದೊಳಗೇ ನಿಮ್ಮ ತಾಲ್ಲೂಕಿನ ತೀರ ಬಡ ಮಕ್ಕಳಿದ್ದಾರೆ. ಅವರನ್ನು ಹುಡುಕಲು ಹಣದಲ್ಲಿ ಒಂದು ಪಾಲನ್ನು ಮೊದಲೇ ತೆಗೆದಿಡಿ. ಸಿಗದ ಎಲ್ಲರ ಹಿಂದೆ ಹೋಗಲಾಗದಿದ್ದರೆ, ಅವರಲ್ಲೇ ಚೀಟಿ ಎತ್ತಿ ಮೂವರಲ್ಲಿ ಒಬ್ಬರನ್ನು ಎಲ್ಲಿದ್ದರೂ ಹುಡುಕಿ ಪರೀಕ್ಷಿಸಿ, ಆ ಒಬ್ಬರನ್ನು ಲೆಕ್ಕದಲ್ಲಿ ಮೂವರಂತೆ ಎಣಿಸಿ.

ಹಿಮೋಗ್ಲೋಬಿನ್ ಪರೀಕ್ಷೆಯಲ್ಲಿ ಒಂದು ತಪ್ಪು ಎಷ್ಟು ಸಾಮಾನ್ಯವೆಂದರೆ, ಅದನ್ನು ತಪ್ಪೆಂದು ಯಾರೂ ಕಾಣುವುದಿಲ್ಲ. ಮೊದಲ ಪರೀಕ್ಷೆಯಲ್ಲಿ ರಕ್ತಹೀನತೆ ಕಂಡ ಮಕ್ಕಳನ್ನು ಮಾತ್ರ ಆರು ತಿಂಗಳ ನಂತರ ಮತ್ತೆ ಅಳೆದು, ‘ಸರಾಸರಿ ಏರಿತು’ ಎಂದು ಬರೆಯುವುದು. ಒಂದು ಹನಿ ರಕ್ತದ ಅಳತೆ ದಿನದಿಂದ ದಿನಕ್ಕೆ ಸ್ವಲ್ಪ ಆಚೀಚೆ ಆಗುತ್ತದೆ. ಅಂದು ಕಡಿಮೆ ಬಂದವರನ್ನೇ ಆರಿಸಿಕೊಂಡರೆ ಮುಂದಿನ ಸಲ ಯಾವ ಮಾತ್ರೆಯೂ ಇಲ್ಲದೆ ಅವರ ಸರಾಸರಿ ಮೇಲೇರುತ್ತದೆ. ಆರಿಸಿದ ಎಲ್ಲ ಮಕ್ಕಳನ್ನೂ, ಹೋಲಿಕೆ ಶಾಲೆಗಳಲ್ಲೂ, ಎರಡೂ ಸಲ ಅಳೆಯಬೇಕು. ಬೆರಳನ್ನು ಹಿಂಡಿ ರಕ್ತ ತೆಗೆದರೆ ಅಂಗಾಂಶದ ನೀರು ಬೆರೆತು ಸಂಖ್ಯೆ ತಪ್ಪುತ್ತದೆ. ಕೈ ಬೆಚ್ಚಗೆ ಮಾಡಿ, ಮೊದಲ ಎರಡು ಹನಿ ಒರೆಸಿ, ಮೂರನೆಯದನ್ನು ತಾನಾಗಿ ಬರಲು ಬಿಟ್ಟು ತೆಗೆದುಕೊಳ್ಳಿ. ಮಳೆಗಾಲದಲ್ಲಿ ಕ್ಯುವೆಟ್‌ಗಳ (ರಕ್ತದ ಹನಿ ಹಿಡಿದು ಯಂತ್ರಕ್ಕಿಡುವ ಪುಟ್ಟ ಪ್ಲಾಸ್ಟಿಕ್ ತುಂಡುಗಳು) ಡಬ್ಬದ ಮುಚ್ಚಳ ತೆರೆದಿಟ್ಟರೆ ಅವು ತೇವಕ್ಕೆ ಹಾಳಾಗುತ್ತವೆ. 5ರಿಂದ 11 ವರ್ಷದವರಿಗೆ 11.5, 12ರಿಂದ 14 ವರ್ಷದವರಿಗೆ 12 ಗ್ರಾಂಗಿಂತ (100 ಮಿಲಿಲೀಟರಿಗೆ) ಕಡಿಮೆಯಾದರೆ ರಕ್ತಹೀನತೆ. 8ಕ್ಕಿಂತ ಕಡಿಮೆಯಾದರೆ ತೀವ್ರ. ಅಂಥ ಮಗು ಯಾವ ಗುಂಪಿನಲ್ಲಿದ್ದರೂ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಹೋಲಿಕೆಯ ಗುಂಪು ಎಂಬ ಕಾರಣಕ್ಕೆ ಮಗುವನ್ನು ಕಾಯಿಸುವ ಅಧ್ಯಯನವನ್ನು ಮಾಡದಿರುವುದೇ ಒಳ್ಳೆಯದು. 5ರಿಂದ 9 ವರ್ಷದವರಿಗೆ ಸರ್ಕಾರ ವಾರಕ್ಕೊಂದರಂತೆ ಕೊಡುವ ಗುಲಾಬಿ ಮಾತ್ರೆ (45 ಮಿಲಿಗ್ರಾಂ ಕಬ್ಬಿಣಾಂಶ) ಎಲ್ಲ ಶಾಲೆಗಳಲ್ಲೂ ಮುಂದುವರಿಯಬೇಕು. ನೀವು ಬರೆದಿಡಬೇಕಾದದ್ದು ಮಾತ್ರೆ ಬಂತೇ ಎಂಬುದನ್ನಲ್ಲ, ಊಟದ ನಂತರ ಎಷ್ಟು ಮಕ್ಕಳು ಎದುರಿಗೇ ನುಂಗಿದರು ಎಂಬುದನ್ನು.

ಬೆರಳು ಚುಚ್ಚುವುದೆಂದರೆ ನೈತಿಕ ಸಮಿತಿಯ ಒಪ್ಪಿಗೆ ಬೇಕೇ ಬೇಕು. ಹತ್ತಿರದ ವೈದ್ಯಕೀಯ ಕಾಲೇಜಿನ ಸಮಿತಿಗೆ ಕೊಡಬಹುದು, ಹಲವು ವಾರ ಹಿಡಿಯುತ್ತದೆ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ತಂದೆ ಅಥವಾ ತಾಯಿಯ ಲಿಖಿತ ಒಪ್ಪಿಗೆಯ ಜತೆಗೆ 7ರಿಂದ 12 ವರ್ಷದ ಮಗುವಿನ ಬಾಯಿಮಾತಿನ ಸಮ್ಮತಿಯೂ ಬೇಕು. ಮುಖ್ಯೋಪಾಧ್ಯಾಯರ ಸಹಿ ಇವೆರಡಕ್ಕೂ ಬದಲಿಯಲ್ಲ. ‘ಬೇಡ’ ಎಂದ ಮಗುವಿಗೆ ಪಾಠವೂ ಮಾತ್ರೆಯೂ ಎಂದಿನಂತೆ ಸಿಗಬೇಕು.

ಲಾಟರಿ, ಲೆಕ್ಕ ಇದೆಲ್ಲ ಇಲ್ಲದ ಸಾದಾ ಹೋಲಿಕೆಗೆ ಬೆಲೆಯೇ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಮಿತಿ ಗೊತ್ತಿದ್ದರೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುಮಾಡಿದಾಗ, ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳ ತೂಕವನ್ನು, ಸಿಗದ ಗದಗದ ಮಕ್ಕಳ ತೂಕದೊಂದಿಗೆ ಹೋಲಿಸಿತು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. 2022ರಲ್ಲಿ ಮೊಟ್ಟೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಬಂತು. ಸಾವಿರಾರು ಮಕ್ಕಳನ್ನು ತೂಗಿದರೂ, ಎರಡು ಜಿಲ್ಲೆಗಳ ನಡುವಿನ ಬೇರೆ ವ್ಯತ್ಯಾಸಗಳನ್ನು ಇಂಥ ಹೋಲಿಕೆ ಬೇರ್ಪಡಿಸಲಾರದು. ಆದರೆ ಸರಿಯಾದ ಸಮಯಕ್ಕೆ, ಸರ್ಕಾರ ತೀರ್ಮಾನಿಸುವ ಹೊತ್ತಿಗೆ, ತಕ್ಕಡಿ ಹಿಡಿದು ಹೋಗಿದ್ದು ದೊಡ್ಡ ಕೆಲಸ. ನೀವೂ ತೂಕ ತೆಗೆದುಕೊಳ್ಳುವುದಾದರೆ 100 ಗ್ರಾಂನಷ್ಟು ಸಣ್ಣ ವ್ಯತ್ಯಾಸವನ್ನೂ ತೋರಿಸುವ ಡಿಜಿಟಲ್ ತಕ್ಕಡಿಯನ್ನು ದಿನವೂ ಬೆಳಿಗ್ಗೆ ತೂಕ ಗೊತ್ತಿರುವ ಬಟ್ಟಿನಿಂದ ಪರೀಕ್ಷಿಸಿ. ಎತ್ತರ ನೋಡುವಾಗ ಜಡೆ ಬಿಚ್ಚಿಸಿ ಎರಡು ಸಲ ಅಳೆಯಿರಿ. ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೇ ಸಲ.

ವರದಿಯಲ್ಲಿ ಒಟ್ಟು ಸರಾಸರಿಯನ್ನು ಮಾತ್ರ ಕೊಡಬೇಡಿ. ಮುಂದಿದ್ದವರು ಇನ್ನೂ ಮುಂದೆ ಹೋಗಿ, ಹಿಂದಿದ್ದವರು ಅಲ್ಲೇ ನಿಂತರೂ ಸರಾಸರಿ ಏರುತ್ತದೆ. ಶುರುವಿನಲ್ಲಿ ಅತಿ ಕೆಳಗಿದ್ದ ಕಾಲು ಭಾಗ ಮಕ್ಕಳಿಗೆ ಏನಾಯಿತು, ಗುಳೆ ಮನೆಯ ಮಕ್ಕಳಿಗೆ ಏನಾಯಿತು, ಈ ಎರಡನ್ನು ಬೇರೆ ಬರೆಯುತ್ತೇವೆಂದು ಶುರುವಿನಲ್ಲೇ ಕಾಗದದಲ್ಲಿ ಬರೆದು ತಾರೀಖು ಹಾಕಿ. ಕೊನೆಯಲ್ಲಿ ಹತ್ತು ಗುಂಪು ಮಾಡಿ ನೋಡಿದರೆ ಎಲ್ಲೋ ಒಂದು ಕಡೆ ಚೆಂದದ ಸಂಖ್ಯೆ ಸಿಕ್ಕೇ ಸಿಗುತ್ತದೆ, ಅದಕ್ಕೆ ಅರ್ಥವಿರುವುದಿಲ್ಲ.

ಕಾಲದ ಲೆಕ್ಕ ಹೀಗೆ ಹಾಕಿಕೊಳ್ಳಿ. ನೈತಿಕ ಸಮಿತಿಗೆ ಅರ್ಜಿ ಬೇಸಿಗೆ ರಜೆಯಲ್ಲೇ ಹೋಗಲಿ. ಚೀಟಿ ಎತ್ತುವುದು ಮೊದಲ ಪರೀಕ್ಷೆ ಮುಗಿದ ಮೇಲೆ, ಮುಂಚೆ ಅಲ್ಲ. ಯಾವ ಶಾಲೆಗೆ ಕಾರ್ಯಕ್ರಮ ಎಂದು ಗೊತ್ತಾದರೆ ಪರೀಕ್ಷೆ ಮಾಡುವವರ ಕೈ ಬದಲಾಗುತ್ತದೆ. ಜುಲೈ ಕೊನೆಗೆ ಮೊದಲ ಅಳತೆ ಮುಗಿಸಿ, ಆಗಸ್ಟಿನಲ್ಲಿ ಪ್ರತಿ ಮಗುವಿನ ಹಿಮೋಗ್ಲೋಬಿನ್ ಅನ್ನು ಅದರ ತಾಯಿಗೆ ಮಾತ್ರ ತಿಳಿಸಿ, ಶಾಲೆಯ ಕಲಿಕೆಯ ಮಟ್ಟವನ್ನು ಕನ್ನಡದಲ್ಲಿ ಒಂದು ಪುಟ ಮಾಡಿ ಎಸ್‌ಡಿಎಂಸಿ ಸಭೆಯಲ್ಲಿ ಓದಿ ಹೇಳಿ. ಹಣ ಕೊಟ್ಟವರಿಗೆ ವರದಿ ಅದರ ನಂತರ ಹೋಗಲಿ. ಸುಗ್ಗಿ ಮುಗಿದು ಮನೆಗಳಿಗೆ ಬೀಗ ಬೀಳುವ ಮುನ್ನ, ದೀಪಾವಳಿಯ ಆಸುಪಾಸಿನಲ್ಲಿ, ಪಟ್ಟಿಯಲ್ಲಿರುವ ಪ್ರತಿ ಮನೆಗೂ ಇನ್ನೊಮ್ಮೆ ಹೋಗಿ ಮೂರು ವಿಷಯ ಬರೆದುಕೊಳ್ಳಿ: ಯಾವ ಊರಿಗೆ ಹೋಗುತ್ತಾರೆ, ಕರೆದೊಯ್ಯುವ ಮೇಸ್ತ್ರಿಯ ಫೋನ್ ನಂಬರ್, ಮಗುವನ್ನು ಜತೆಗೆ ಒಯ್ಯುತ್ತಾರೋ ಅಜ್ಜಿಯ ಹತ್ತಿರ ಬಿಡುತ್ತಾರೋ.